ಸಾತವ್ವನ ಸಂದರ್ಶನ

ತಪ್ಪ ತಿಳಕೋಬ್ಯಾಡ್ರಿ, ನನಗ ನೆಟ್ಟಗ ಹೇಳಾಕ ಬರೂದಿಲ್ಲ... ಹಿಂದಿಂದು ಮುಂದ, ಮುಂದಿಂದು ಹಿಂದ ಆಗ್ತೈತಿ. ಬರದಿದ್ದೂ ಇದ ಮೊದಲ್ನೇದು, ಬರದಿದ್ದಕ್ಕ ಮಂದಿ ಮುಂದ ಸಮಜಾಯಿಷಿ ಕೊಡಾಕತ್ತಿದ್ದೂ ಇದ ಮೊದಲ್ನೇದು. ನೀವು ಕೇಳಿದ್ದಕ್ಕ ಉತ್ತರಾ ಹೇಳ್ತೀನಿ, ತಡೀರಿ. ಆ ಮೊಬೈಲ್ ಸ್ವಲ್ಪ ಕೆಳಗ ಹಿಡೀರಿ. ಹಂಗ ಮುಖದ ಮುಂದ ಹಿಡದ್ರ ನನಗ ಮಾತು ಹೊಂಡೂದಿಲ್ಲ. ರೆಕಾರ್ಡ್ ಮಾಡಾಕತ್ತಿಲ್ಲ ಹೌದಲ್ಲೋ? ಬರೇ ಪುಟಾ ತಗದು ತೋರಸಾಕತ್ತೀರಿ. ಹಾಂ. ಯಾವ ಪುಟಾ ಅಂತ ಗೊತ್ತೈತ್ರಿ ನನಗ. ಬರದಾವ ನಾನ ಅಲ್ಲೇನು?

ಕುಂದರ್ರಿ. ಇಲ್ಲೇ ಈ ಬಾಕಿನ ಮ್ಯಾಲ. ಒಳಗ ಬ್ಯಾಡ, ಒಳಗ ನನ್ನ ವೈವಾಕ್ಕ ಬಂದ ನಮ್ಮ ಮಂದಿ ಕುಂತಾರ, ನನ್ನ ಹೆಂಡ್ತಿ ಸಮೃದ್ಧಿ ಅದಾಳ, ನಮ್ಮ ಮಾವನಾರು ಅದಾರ. ಅವರ ಮುಂದ ಇದೆಲ್ಲಾ ಬ್ಯಾಡ.

ಶೀತಲ ಅವರ, ನಿಮಗ ವೈವಾ ಅಂದ್ರ ಏನಂತ ಯಾರೂ ತಿಳಿಸಿ ಹೇಳಿರಲಿಕ್ಕಿಲ್ಲ. ನಾ ಹೇಳ್ತೀನಿ. ಪಿಎಚ್.ಡಿ. ಮಾಡಾವ ಪ್ರಬಂಧ ಬರದು ಕೊಟ್ಟಿರ್ತಾನ. ಅದನ್ನ ಪರಊರಿನ ಒಬ್ಬ ಪ್ರೊಫೆಸರ್ ಓದಿರ್ತಾರ. ಅವರು ಬರ್ತಾರ, ನಾಕು ಪ್ರಶ್ನೆ ಕೇಳ್ತಾರ, ಇಂವ ಉತ್ತರಾ ಕೊಡ್ತಾನ. ಚಪ್ಪಾಳಿ, ಶಾಲು, ಊಟಾ. ಮುಗೀತು! ಮುಕ್ತ ವೈವಾ ಅಂತ ಬೋರ್ಡಿನ ಮ್ಯಾಲ ಬರದಿರ್ತಾರ, ಯಾರು ಬೇಕಾದ್ರೂ ಬರಬಹುದು, ಯಾರು ಬೇಕಾದ್ರೂ ಕೇಳಬಹುದು ಅಂತ. ಹಂಗಂತ ಖರೇನ ಬರ್ತಾರೇನ್ರಿ? ಹೊರಗಿನವ್ರು ಒಬ್ಬರು ಬಂದು ಕೈ ಎತ್ತಿದ್ದು ನಾ ಇಲ್ಲೀತನಾ ನೋಡಿಲ್ಲ. ಪ್ರಶ್ನೆ ಕೇಳೂ ಮಂದೀನ್ನ ನಾವ ಮೊದಲ ತಯಾರ ಮಾಡಿ ಇಟ್ಟಿರ್ತೀವಿ. ನಂದೂ ಒಬ್ಬ ಅದಾನ, ವಿನಯ ಅಂತ, ನಮ್ಮ ಕಾಲೇಜಿನಾವ. 'ನಿಮ್ಮ ಅಧ್ಯಯನದ ಮಹತ್ವ ಏನು ಸರ್?' ಅಂತ ಕೇಳ್ತಾನ, ನಾ ಸ್ವಲ್ಪ ವಿಚಾರ ಮಾಡಿದಂಗ ಮಾಡಿ...

ಯಾಕ ನಗ್ತೀರಿ? ನಗೂದೇನೈತಿ ಇದರಾಗ? ಪದ್ಧತಿ ಐತ್ರಿ ಇದು! ಎಲ್ಲಾರೂ ಮಾಡ್ತಾರ! ಮದುವಿ ಮನ್ಯಾಗ 'ಹುಡುಗಿ ಒಪ್ಪಿಗಿ ಐತಿಲ್ಲೋ' ಅಂತ ಅಕ್ಷತಾ ಹಾಕೂ ಹೊತ್ತಿನ್ಯಾಗ ಯಾರರೆ ಕೇಳ್ತಾರೇನು? ಹಂಗ ಇದು. ಹೌದು, ಉದಾಹರಣಿ ಛಲೋ ಆಗ್ಲಿಲ್ಲ. ಬಿಡ್ರಿ.

ನಿಮಗ ಇದು ನಗಿ. ನನಗ ಏನು ಗೊತ್ತೈತೇನು? ನಾ ಅತಿಥಿ ಉಪನ್ಯಾಸಕ. ಹೆಸರಷ್ಟ ಅತಿಥಿ. ಬ್ಯಾಸಗಿ ಸೂಟಿ ಬಿದ್ದ ಕೂಡ್ಲೆ ಮನಿಗೆ ಕಳಸ್ತಾರ, ಮತ್ತ ಕರದ್ರ ಕರದ್ರು, ಇಲ್ಲಂದ್ರ ಇಲ್ಲ. ಈಗ ಕಾಯಂ ನೌಕರಿಗೆ ಅರ್ಜಿ ಕರದಾರ, ಪಿಎಚ್.ಡಿ. ಬೇಕ ಬೇಕು ಅಂದಾರ. ಮುಂದಿನ ಸಲ ಕರಿಯೂದರಾಗ ನನ್ನ ವಯಸ್ಸು ದಾಟಿರ್ತೈತಿ. ಅಂದ್ರ, ಇವತ್ತ ಆದ್ರ ಆತು. ನಮ್ಮ ಮಾವನಾರು ಈರಯ್ಯನವರು ನನ್ನ ಹೆಸರಿನ ಹಿಂದ 'ಡಾ.' ಅಂತ ಹಾಕಿಸಿ ಬ್ಯಾನರ್ ಮಾಡಿಸಿಕೊಂಡ ಬಂದಾರ್ರಿ, ಸುತ್ತಿ ಕುರ್ಚಿ ಹಿಂದ ಇಟ್ಟಾರ. ಬಾಯಿ ಸಿಹಿ ಮಾಡಾಕ ಕುಂದಾದ ಡಬ್ಬಿ ತಂದಾರ. ಇಂಥಾದರಾಗ ನೀವು ಆಟೋ ನಗರದಿಂದ ರಜಾ ಹಾಕಿ ಬಂದು, ಬಾಗಲದಾಗ ನಿಂತು, 'ಸರ್, ಈ ಪುಟದ ಬಗ್ಗೆ ನನಗೊಂದು ಕೇಳೂದೈತಿ' ಅಂದ್ರ?

ಸಾವಕಾಶ ಮಾತಾಡ್ತೀನಿ. ಹೌದು, ಧ್ವನಿ ಏರ್ತು. ಆತು.

ಖರೇ ಹೇಳಬೇಕಂದ್ರ ತಪ್ಪು ನಿಮ್ಮದೂ ಅಲ್ಲ, ನಂದೂ ಅಲ್ಲ. ತಪ್ಪು ಈ ಹೊಸಾ ರೂಲಿಂದು. ವೈವಾದ ಮೊದಲ ಇಡೀ ಪ್ರಬಂಧ ಲೈಬ್ರರಿ ವೆಬ್‌ಸೈಟಿಗೆ ಏರಸಬೇಕಂತ! ರೊಕ್ಕ ಇಲ್ಲ, ಪಾಸ್‌ವರ್ಡ್ ಇಲ್ಲ, ನೀವು ಯಾರು, ಯಾಕ ಬೇಕು ಅಂತ ಕೇಳಾವ್ರಿಲ್ಲ. ಒಂದ ಬೆರಳಿಲೆ ಒತ್ತಿದ್ರ ಮೊಬೈಲಿನಾಗ ಬಂದು ಬೀಳ್ತೈತಿ. ಅದಕ್ಕ 'ಮುಕ್ತ ಪ್ರವೇಶ' ಅಂತ ಹೆಸರು. ಮೊದಲ ಹೆಂಗಿತ್ತು? ಕೆಂಪ ರೆಕ್ಸಿನ್ ಬೈಂಡಿಂಗು, ಬಂಗಾರದ ಅಕ್ಷರ, ಗಾಜಿನ ಕಪಾಟು, ಕಪಾಟಿಗೆ ಕೀಲಿ. ಗೈಡು ಮುನ್ನುಡಿ ಓದತಿದ್ರು, ಪರಊರಿನ ಪ್ರೊಫೆಸರು ಸಮಾರೋಪ ಓದತಿದ್ರು, ನಡುವಿಂದು ಗೆದ್ದಲ ಓದತಿತ್ತು. ಎಲ್ಲಾರೂ ಆರಾಮ ಇದ್ದ್ರು!

ಏನಂದ್ರಿ? ಯಾರ ಬಗ್ಗೆ ಬರದೀರೋ ಅವರು ಓದಬಾರದೇನು ಅಂತೀರಿ? ಓದ್ರಿ, ಬ್ಯಾಡ ಅಂದಾವ್ರು ಯಾರು. ಜ್ಞಾನ ಯಾರ ಸ್ವತ್ತೂ ಅಲ್ಲ, ಅದು ಜನರಿಂದ ಬಂದದ್ದು ಜನರಿಗೇ ಮರಳಬೇಕು... ನಾನ ಬರದೀನಿ, ಕಡೀ ಅಧ್ಯಾಯದಾಗ ಐತಿ. ಹಾಂ, ಅದನ್ನೂ ಓದೀರಿ? ಅದಕ್ಕೂ ಬಣ್ಣಾ ಹಚ್ಚಿ ಇಟ್ಟೀರಿ? ಅಲ್ರೀ, ಅದು ಬರಿಯೂ ಮಾತು! ಸಮಾರೋಪದಾಗ ಅಂಥಾ ಮಾತು ಒಂದು ಇರಬೇಕು ಅಂತ ನಮ್ಮ ಗೈಡ್ ಸರ್ ಹೇಳಿದ್ರು, ಹಾಕಿದೆ. ಅದನ್ನ ಹಿಡಕೊಂಡು ಕುಂತ್ರ ಹೆಂಗ?

ನಾ ಅರ್ಜಿನೂ ಕೊಟ್ಟಿದ್ದೆ. ಲೈಬ್ರರಿ ಪೂರ್ಣಿಮಾ ಮೇಡಂಗ ಹೋಗಿ ಹೇಳಿದೆ, 'ಮೇಡಂ, ಸ್ವಲ್ಪ ವರ್ಷ ನಂದು ಮುಚ್ಚಿಡ್ರಿ, ಹಿಂಗ ಬಯಲಿಗಿಟ್ರ ಮಂದಿ ಕದೀತಾರ' ಅಂತ. ಆಕಿ ಏನಂದ್ಳು? 'ಮುಚ್ಚಿಟ್ಟಿದ್ದನ್ನ ಕದ್ರ ಗೊತ್ತಾಗೂದಿಲ್ಲ ಸರ್, ಎಲ್ಲಾರ ಮುಂದ ಇಟ್ಟಿದ್ದನ್ನ ಕದ್ರ ನಾಕು ಮಂದಿ ಹಿಡೀತಾರ' ಅಂದ್ಳು. ಅಂದು ಏರಿಸೇ ಬಿಟ್ಳು. ಅದು ಏರಿದ್ದ ತಡಾ, ನಿಮ್ಮ ಕಾಕಾನ ಮಗ ಸುಜಯ, ಡಿಗ್ರಿ ಓದಾವ, ನಿಮ್ಮೂರ ಹೆಸರು ಹಾಕಿ ಹುಡುಕ್ಯಾನ. ಹುಡುಕಿದಾವ ಓದಿ ಸುಮ್ನ ಕುಂತಾನೇನು? ಆ ಒಂದ ಪುಟದ ಫೋಟೋ ತಗದು ಊರ ಗ್ರೂಪಿಗೆ ಹಾಕ್ಯಾನ. ಇದಕ್ಕ ನಾ ಏನ ಮಾಡ್ಲಿ? ನಾ ಹಾಕಿದ್ನೇನು ವಾಟ್ಸ್ಯಾಪಿನಾಗ?

ಓದಿ ತೋರಸಬ್ಯಾಡ್ರಿ. ಬಾಯಿಪಾಠ ಐತಿ ನನಗ. 'ಸಾತವ್ವ, ಕುರಿಗಾರ ಕುಟುಂಬ, ಖಾನಾಪುರ ತಾಲೂಕು. ಸಾತವ್ವ ಹೇಳುತ್ತಾರೆ: ನಾವು ಕುರಿ ಕಾಯೂ ಮಂದಿ ಅಂತ ಹೇಳ್ಕೊಳ್ಳಾಕ ನನಗ ನಾಚಿಕಿ. ನಮ್ಮವರ ನಡುವ ಕುಂದರಾಕ ಮನಸ್ಸಾಗೂದಿಲ್ಲ. ಮೈಯಾಗಿನ ಕುರಿ ವಾಸನಿ ಹೋಗಲಿ ಅಂತನ ಮಗಳನ್ನ ಶಹರಕ್ಕ ಕಳಿಸಿದೆ.' ಇಷ್ಟ. ಇಷ್ಟ ಐತಿ. ಇದರಾಗ ಬೈಗುಳ ಏನೈತ್ರಿ?

ಹಂಗ ನೋಡಬ್ಯಾಡ್ರಿ ನನ್ನ ಕಡೆ.

ನೀವು ಇದನ್ನ ಮನಿಯವ್ರಾಗಿ ಓದಾಕತ್ತೀರಿ, ಅದಕ್ಕ ಚುಚ್ಚತೈತಿ. ಸಮಾಜಶಾಸ್ತ್ರ ಆಗಿ ಓದಬೇಕು. ಹೆಂಗಂದ್ರ ಹೇಳ್ತೀನಿ. ನನ್ನ ಪ್ರಬಂಧದ ಮುಖ್ಯ ಮಾತು ಏನಂದ್ರ, ಕುರಿ ಬಿಟ್ಟು ಪಗಾರದ ಕೆಲಸಕ್ಕ ಬಂದ ಕುಟುಂಬದಾಗ ಹಳೇ ವೃತ್ತಿ ಬಗ್ಗೆ ಒಂದು ನಾಚಿಕಿ ಹುಟ್ಟತೈತಿ ಅಂತ. ಈ ಮಾತು ನಾ ಮೊದಲ ಠರಾವ ಮಾಡ್ಕೊಂಡಿದ್ದೆ. ಠರಾವ ಅಂದ್ರ... ಊಹಾ. ಸಂಶೋಧನಿಯೊಳಗ ಮೊದಲ ಒಂದು ಊಹಾ ಇಟ್ಕೋಬೇಕು, ಆಮ್ಯಾಲ ಅದಕ್ಕ ಸಾಕ್ಷಿ ಕೂಡಸಬೇಕು. ಎಲ್ಲಾ ಕೋಷ್ಟಕ, ಶೇಕಡಾವಾರು ಇದ್ದು. ಆದ್ರ ಗೈಡ್ ಸರ್ ಅಂದ್ರು, 'ಪ್ರಸಾದ, ಎಲ್ಲಾ ಒಣಾ ಒಣಾ ಐತೋ, ಒಂದು ಜೀವಂತ ದನಿ ಬೇಕಲೋ' ಅಂತ. ನಿಮ್ಮ ಅವ್ವನ ಮಾತು ಹಾಕಿದ್ನೋ ಇಲ್ಲೋ, ಪ್ರಬಂಧಕ್ಕ ಜೀವಾ ಬಂತು! ಪರಊರಿನ ಪ್ರೊಫೆಸರು ವರದಿಯೊಳಗ ಬರದಾರ, 'ಸಾತವ್ವನ ಸಂದರ್ಶನ ಈ ಅಧ್ಯಯನದ ಪ್ರಾಣ' ಅಂತ. ಇವತ್ತ ಮೊದಲ ಅದನ್ನ ಓದಸ್ತಾರ ನನ್ನ ಕಡಿಂದ. ನಿಮ್ಮವ್ವಗ ಮರ್ಯಾದಿ ಇದು. ಖಾನಾಪುರ ದಾಟಿದ ಮ್ಯಾಲ ಆಕೀನ್ನ ಯಾರು ಬಲ್ಲರು? ಈಗ ದಿಲ್ಲಿಯಾಗ ಕುಂತಾವನೂ ಓದಬಹುದು.

ಹೌದು, ಈಗ ತಾನ ಆ ಮುಕ್ತ ಪ್ರವೇಶಕ್ಕ ಬೈದೆ. ಬೈದೆ, ಈಗ ಛಲೋ ಅನ್ನಾಕತ್ತೀನಿ. ಎರಡೂ ಖರೇ. ನಡುವ ಬಾಯಿ ಹಾಕಬ್ಯಾಡ್ರಿ, ಕೊಂಡಿ ತಪ್ಪತೈತಿ ನನ್ನದು.

ಮತ್ತ ನನಗ ತಿಳೀಲಾರದ್ದು ಒಂದೈತಿ. ಊರವ್ರು ನಿಮ್ಮ ಮ್ಯಾಲ ಯಾಕ ಸಿಟ್ಟಾಗ್ಯಾರ? ನಿಮ್ಮವ್ವನ ಮ್ಯಾಲ ಆಗಿದ್ರ ಒಂದು ಅರ್ಥ ಐತಿ, ಹೆಸರು ಆಕೀದೈತಿ. ಮೈಲಾರಲಿಂಗನ ಗುಡಿ ಕಟ್ಟಿ ಮ್ಯಾಲ ಹಿರ್ಯಾರು ಕುಂತು, 'ಶೀತಲ, ನಾಕು ಅಕ್ಷರ ಕಲತು ಶಹರಕ್ಕ ಹೋಗಿ ನಮ್ಮನ್ನ ಹಿಂಗ ಬರಸ್ತೀ ಏನು, ಅದೂ ನಿಮ್ಮವ್ವನ ಹೆಸರಿಲೆ' ಅಂದ್ರು ಅಂತೀರಿ. ನಿಮ್ಮ ಮಾವಂದಿರು ಮಾತು ಬಿಟ್ರು ಅಂತೀರಿ. ಈ ಸಲ ಗುಡಿಯಾಗ ನಿಮ್ಮ ಕೈಲೆ ಭಂಡಾರದ ಅರಿಷಿಣ ಇಸಗೊಳ್ಳಿಲ್ಲ ಅಂತೀರಿ. ಯಾಕ? ಪುಟದಾಗ ನಿಮ್ಮ ಹೆಸರ ಇಲ್ಲ! ಸಾತವ್ವ ಹೇಳುತ್ತಾರೆ ಅಂತ ಸ್ವಚ್ಛ ಐತಿ. ಓದಾಕ ಬರೂದಿಲ್ಲೇನು ಅವ್ರಿಗೆ? ಇದಕ್ಕ ನೋಡ್ರಿ ನಾ ಹೇಳೂದು, ಎಲ್ಲಾರ ಕೈಯಾಗೂ ಕೊಡಬಾರದು ಇವನ್ನ!

ಆತು, ಕ್ಷಮಾ ಮಾಡ್ರಿ. ನಿಮ್ಮ ಹಿರ್ಯಾರಿಗೆ ಅನ್ನಬಾರದಿತ್ತು.

ನಿಮಗ ಬೇಕಾಗಿದ್ದಾದ್ರೂ ಏನು? ಪುಟಾ ತಗಿಬೇಕು? ತಗಿಯಾಕ ಬರೂದಿಲ್ರಿ, ಒಂದ ಸಲ ಏರಿದ ಮ್ಯಾಲ ಒಂದು ಅಕ್ಷರಾ ತಿದ್ದಾಕ ಬರೂದಿಲ್ಲ. ಇಲ್ಲ? ತಗಿಯೂದು ಬ್ಯಾಡ? ಮತ್ತೇನು? ...ಎಲ್ಲಾರ ಮುಂದ ಹೇಳಬೇಕು? ಒಳಗ, ಅಲ್ಲಿ ಮಂದಿ ಮುಂದ, 'ಈ ಮಾತು ಸಾತವ್ವಂದೂ ಅಲ್ಲ, ಶೀತಲಂದೂ ಅಲ್ಲ' ಅಂತ ನಾ ಹೇಳಬೇಕು? ಅಂದ್ರ ಮತ್ತ ಯಾರದು ಅಂತಾರಲ್ಲ!

ನಿನಗ ತಲಿ ಐತೇನ... ನಿಮಗ. ನಿಮಗ ಅಂದೆ.

ನೋಡ ತಂಗಿ, ಛಲೋತ್ನಾಗಿ ಹೇಳ್ತೀನಿ. ಪುಸ್ತಕಾ ಮಾಡೂ ಮುಂದ ಕೃತಜ್ಞತೆ ಅಂತ ಒಂದು ಪುಟಾ ಇರ್ತೈತಿ. ಅದರಾಗ ನಿಮ್ಮ ಹೆಸರು, ನಿಮ್ಮ ಅವ್ವಾರ ಹೆಸರು, ದಪ್ಪ ಅಕ್ಷರದಾಗ ಹಾಕ್ತೀನಿ. ಬ್ಯಾಡ? ಬ್ಯಾಡಂದ್ರ ಬಿಡ್ರಿ. ಮತ್ತ ಇದನ್ನೂ ಕೇಳ್ಕೋರಿ. ಆಟೋ ನಗರದಾಗ ನೀವು ಯಾವ ಗ್ಯಾರೇಜಿನ ಆಫೀಸಿನಾಗ ಕೆಲಸಾ ಮಾಡ್ತೀರಿ ಅಂತ ನನಗ ಗೊತ್ತೈತಿ. ಮಾಲಕರು ನಮ್ಮ ಮಾವನಾರಿಗೆ ಖಾಸ ಮಂದಿ. ನಾ ಏನೂ ಮಾಡಾವಲ್ಲ, ಸುಮ್ನ ಹೇಳಿದೆ. ಒಬ್ಬ ಸಂಶೋಧಕನ ಮ್ಯಾಲ ಸುಳ್ಳು ಆರೋಪ ಹೊರಸೂದು ಸಣ್ಣ ಮಾತಲ್ಲ, ಅಷ್ಟ.

ಹೆದರಿಲ್ಲ? ಹೆದರಸಾಕ ಅಂದಿಲ್ಲ ನಾನೂ.

ಸುಳ್ಳೇನ್ರಿ ಹಂಗಾದ್ರ? ನಾ ನಿಮ್ಮ ಮನಿಗೆ ಬಂದಿಲ್ಲೇನು? ಬಂದಿದ್ದು ಹೇಳ್ಲೇನು? ಹೋದ ವರ್ಷ ಶ್ರಾವಣದಾಗ. ಬೆಳಗಾವಿಯಿಂದ ಖಾನಾಪುರಕ್ಕ ಬಸ್ಸಿಗೆ ಬಂದೆ, ಅಲ್ಲಿಂದ ಗಜಾನನನ ಗಾಡಿ ಮ್ಯಾಲ. ಗಜಾನನ ಅಂದ್ರ ನನ್ನ ದೋಸ್ತ, ಖಾನಾಪುರ ಕಡೆ ಹೈಸ್ಕೂಲ್ ಮಾಸ್ತರ. ನಿಮ್ಮೂರವ್ರ ಹೆಸರೆಲ್ಲಾ ಫೋನಿನಾಗ ಅವನ ಹೇಳಿದ್ದು... ದಾರಿ. ದಾರಿ ಹೇಳಿದ್ದು ಅಂವ. ಬಂದೆ. ಬಿಸಲಂದ್ರ ಬಿಸಲು, ನೆತ್ತಿ ಸುಡತಿತ್ತು...

ಮತ್ತ ಯಾಕ ನಕ್ರಿ? ...ಶ್ರಾವಣದಾಗ ನಿಮ್ಮ ಕಡೆ ಬಿಸಲು ಎಲ್ಲಿಂದು. ಹೌದು. ಮಳಿ ಇತ್ತು. ಮಳಿ ಅಂದ್ರ ಮಳಿ! ನಾ ಹೇಳಿದ್ದು ಮಳಿ ನಿಂತ ಮ್ಯಾಲ ಒಂದು ಗಳಿಗಿ ಬಿಸಲು ಬೀಳ್ತೈತಲ್ಲ, ಅದು. ಅಂಗಳದಾಗ ಕುರಿ ನಿಂತಿದ್ದು, ಒದ್ದಿ ಆಗಿ... ಕುರಿ ಅದಕ್ಕಿಂತ ಮೊದಲ ಮಾರಿದ್ರಿ? ಬಾಜೂ ಮನಿಯವ್ರು ಇರಬೇಕು. ಬಾಜೂಕ ಮನಿ ಇಲ್ಲ? ಅಲ್ರೀ, ಕುರಿ ಬಿಡ್ರಿ, ಕುರಿಗೆ ಏನೈತಿ! ನಾ ಹೋಗಿದ್ದು ನಿಮ್ಮ ಅವ್ವನ್ನ ಕಾಣಾಕ, ಕುರಿ ಎಣಸಾಕ ಅಲ್ಲ.

ನಿಮ್ಮ ಅವ್ವ ಹೊಸ್ತಲದಾಗ ಕುಂತಿದ್ರು. 'ಬಾರೋ ಯಪ್ಪಾ, ಒಳಗ ಬಾ, ತೋಯಿಸಿಕೊಂಡಿ' ಅಂದ್ರು. ಚಾ ಮಾಡಿ ಕೊಟ್ರು. ಮಾತಂದ್ರ ಮಾತು! ನಾ ಒಂದು ಕೇಳಿದ್ರ ಅವರು ಹತ್ತು ಹೇಳಾವ್ರು, ನಡುನಡುವ ಮರಾಠಿ ಬರತಿತ್ತು, ನಗಾವ್ರು, ಮತ್ತ ಶುರು. ಏನ್ ದನಿ ರೀ ನಿಮ್ಮವ್ವಂದು! ಕಂಚಿನ ಗಂಟಿ ಬಾರಿಸಿದಂಗ. ಗುಡ್ಡದ ಆಚಿ ಬಾಜೂ ಕುರಿ ಇದ್ರ ಇಲ್ಲಿ ನಿಂತು ಕರೀಬೇಕು, ಅಂಥಾ ದನಿ. ನನಗ ಈಗೂ ಕಿವ್ಯಾಗ ಐತಿ. 'ನಾಚಿಕಿ ಆಗ್ತೈತೋ ಯಪ್ಪಾ' ಅಂದ್ರಲ್ಲ, ಅಂದು ಸೆರಗಿಲೆ ಮುಖಾ ಮುಚ್ಚಿಕೊಂಡ್ರು. ಅಷ್ಟು ಮನಸ್ಸು ಬಿಚ್ಚಿ ಮಾತಾಡಿದ್ರು ನನ್ನ ಕೂಡ, ಹೊಟ್ಟ್ಯಾಗ ಹುಟ್ಟಿದ ಮಗನ ಕೂಡ ಮಾತಾಡಿದಂಗ.

ರೆಕಾರ್ಡಿಂಗಾ? ಇತ್ರಿ. ಮೊಬೈಲ್ ನೀರಾಗ ಬಿತ್ತು. ಮಳಿ ಇತ್ತು ಅಂತ ಹೇಳಿದ್ನಲ್ಲ.

ಯಾಕ ತಲಿ ಅಲ್ಲಾಡಸ್ತೀರಿ? ಇಷ್ಟೊತ್ತನಾ ನಗಾಕತ್ತಿದ್ರಿ.

ನಂಬೂದಿಲ್ಲ ಅಂದ್ರ ಒಂದು ಕೆಲಸಾ ಮಾಡ್ರಿ. ಹಚ್ರಿ ಫೋನು. ಈಗ, ಇಲ್ಲೇ, ನನ್ನ ಮುಂದ ನಿಮ್ಮವ್ವಗ ಫೋನ್ ಹಚ್ರಿ, ಸ್ಪೀಕರ್ ಮ್ಯಾಲ ಇಡ್ರಿ. ನಾ ಕೇಳ್ತೀನಿ, 'ಸಾತವ್ವಾ, ನಾನವ್ವಾ, ಪ್ರಸಾದ, ಬೆಳಗಾವಿಯಿಂದ ಬಂದಿದ್ನಲ್ಲ' ಅಂತ. ಆಕಿ ತನ್ನ ಬಾಯಿಲೆ 'ನಾ ಅಂದಿಲ್ಲ' ಅಂತ ಒಂದ ಮಾತು ಅನ್ನಲಿ. ಒಂದ ಮಾತು! ಅಂದ್ರ ನಾ ಒಳಗ ಹೋಗಿ ಎಲ್ಲಾರ ಮುಂದ ಕೈ ಮುಗೀತೀನಿ, ಡಿಗ್ರಿನೂ ಬ್ಯಾಡ ಏನೂ ಬ್ಯಾಡ. ಹಚ್ರಿ! ಕೈಯಾಗ ಮೊಬೈಲ್ ಐತಲ್ಲ, ಹಚ್ರಿ!

ಯಾಕ, ಹಚ್ಚವಲ್ಲಿರಿ?

ಹಾಂ! ನೋಡ್ರಿ. ಈಗ ಬಂತು ಗುಟ್ಟು ಬಯಲಿಗೆ. ಹಚ್ಚೂದಿಲ್ಲ ನೀವು. ಹಚ್ಚಿದ್ರ ಆಕಿ 'ಹೌದಪ್ಪಾ, ಅಂದೀನಿ' ಅಂತಾಳ, ಅದು ನಿಮಗ ಗೊತ್ತೈತಿ. ನಾಚಿಕಿ ನಿಮಗಾಗೈತಿ, ಅವ್ವ ಖರೇ ಹೇಳಿದ್ದಕ್ಕ. ಅದಕ್ಕ ಬಂದೀರಿ ನನ್ನ ಪ್ರಬಂಧಕ್ಕ ಮಸಿ ಬಳಿಯಾಕ. ಮಾತಾಡ್ರಿ! ಏನರೆ ಅನ್ರಿ! ಬೈಯಾಕರೆ ಬೈರಿ!

ಏನದು? ಯಾಕ ಗಂಟಲ ಮ್ಯಾಲ ಕೈ ಇಟ್ಟೀರಿ?

ನೀರು ಬೇಕೇನು? ಜವಾನ ಸಿದ್ದಪ್ಪಗ ಹೇಳ್ತೀನಿ, ತರ್ತಾನ. ಬ್ಯಾಡ? ಮತ್ತ ಏನು ಹಂಗ... ಹಂಗ ಬೆರಳಿಲೆ ಗೆರಿ ಎಳೀತೀರಿ ಗಂಟಲ ಮ್ಯಾಲ. ಕೊಯ್ದದ್ದಾ? ಆಪರೇಷನ್ನಾ? ನಿಮಗಾ?

ಅವ್ವಗಾ?

ಅಂದ್ರ, ಧ್ವನಿ ಸಣ್ಣ ಆಗೈತಿ... ತಲಿ ಅಲ್ಲಾಡಸ್ತೀರಿ. ಸ್ವಲ್ಪರೆ... ಏನೂ ಇಲ್ಲ? ಪೂರಾ?

ಈಗೀಗ ಆಗಿದ್ದಿರಬೇಕಲ್ಲ ಇದು? ಮೊನ್ನಿ ಮೊನ್ನಿ? ನನಗ ಗೊತ್ತಿರಲಿಲ್ಲ ನೋಡ್ರಿ, ಗೊತ್ತಿದ್ರ ನಾ... ಬೆರಳು ಯಾಕ ತೋರಸ್ತೀರಿ. ಎರಡು. ಎರಡು ತಿಂಗಳಾತು? ...ತಿಂಗಳಲ್ಲ.

ಎರಡು ವರ್ಷ.

ಅಂದ್ರ ಹೋದ ವರ್ಷದ ಶ್ರಾವಣದಾಗ...

ಅದಕ್ಕ. ಅದಕ್ಕ ಊರವ್ರು ನಿಮಗ ಅಂದ್ರು. ಮನ್ಯಾಗ ಮಾತಾಡಾಕಿ ನೀವ ಒಬ್ಬಾಕಿ, ಅಂದ ಮ್ಯಾಲ ನೀವ ಅಂದಿರಬೇಕು ಅಂತ.

ಹಂಗ ನೋಡಬ್ಯಾಡ್ರಿ ಶೀತಲ ಅವರ. ಏನರೆ ಅನ್ರಿ. ತಾರೀಖು ನಾ ತಪ್ಪ ಹೇಳಿದೆ, ಹೋದ ವರ್ಷ ಅಲ್ಲ ಅದು, ಅದರ ಹಿಂದಿಂದು, ಅದರ ಹಿಂದಿಂದೂ ಅಲ್ಲ, ಇನ್ನೂ ಮೊದಲ. ಪ್ರಬಂಧದಾಗ ಹೋದ ವರ್ಷ ಅಂತ ಅಚ್ಚಾಗೈತಿ, ಹೌದು, ಅದು ಟೈಪಿಂಗ್ ಮಾಡಾವನ ತಪ್ಪು. ಇಲ್ಲಂದ್ರ ಗಜಾನನ ನನಗ ಮನಿ ತಪ್ಪಿಸಿರಬೇಕು, ಬ್ಯಾರೆ ಯಾರೋ ಸಾತವ್ವ ಇರಬಹುದು, ನಿಮ್ಮೂರಾಗ ಇನ್ನೊಬ್ಬರು ಸಾತವ್ವ... ಇಲ್ಲ. ಇಲ್ಲೇನು? ಮಗಳು ಶಹರದಾಗ ಇರೂ ಸಾತವ್ವ ಇನ್ನೊಬ್ಬರು ಇಲ್ಲ.

ಹಾಂ? ಏನೋ ಸಿದ್ದಪ್ಪ? ಬಂದ್ರಾ ಪ್ರೊಫೆಸರು? ಕುಂತಾರ? ಕರಿಯಾಕತ್ತಾರ? ಬಂದೆ ಅಂತ ಹೇಳೋ. ಒಂದ ನಿಮಿಷ ಅಂತ ಹೇಳು. ಇವರಿಗೆ ಸ್ವಲ್ಪ ತಿಳಿಸಿ ಹೇಳಾಕತ್ತೀನಿ.

ಎಲ್ಲಿ ಎದ್ದ್ರಿ? ಶೀತಲ ಅವರ, ಆ ಬಾಗಲಾ ಅಲ್ರಿ, ಹೊರಗ ಹೋಗೂದು ಈ ಕಡೆ... ಒಳಗ ಯಾಕ? ಕುಂದರಾಕಾ? ಹಿಂದ ಕುಂದರ್ರಿ ಹಂಗಾರ, ಕಡೀ ಸಾಲಿನಾಗ. ಮುಂದಿನ ಸಾಲು ಬ್ಯಾಡ, ಅಲ್ಲಿ ಮೈಕ್ ಇಟ್ಟಾರ. ನಿಲ್ರಿ, ಒಂದ ಮಾತು, ನಾ ಇನ್ನೂ ಪೂರಾ ಹೇಳಿಲ್ಲ ನಿಮಗ! ಬಂದೆ ಸರ್, ಬಂದೆ! ಕೇಳ್ರಿ ತಂಗಿ, ಸಂಶೋಧನಿಯೊಳಗ ಹಿಂಗ ಇರ್ತೈತಿ, ನಾವು ಬರಿಯೂದು ಒಬ್ಬರು ಹೇಳಿದ್ದನ್ನಷ್ಟ ಅಲ್ಲ, ಅಂದ್ರ ಅವರು ಹೇಳೇ ಇಲ್ಲ ಅಂತಲ್ಲ, ಹೇಳಾಕ ಬಂದಿದ್ರ, ಹೇಳಿದ್ರ, ಅವರು ಏನು ಹೇಳತಿದ್ರು ಅನ್ನೂದನ್ನ ನಾವು ಮೊದಲ ಠರಾವ...